ಕೆನಡಾಕ್ಕೆ ನಾನು ಕಳಿಸಿದ ಆದ್ಯತಾ ಪಟ್ಟಿ

ಕೇಂದ್ರ-ರಾಜ್ಯ ಸಂಬಂಧದ ವಿಷಯದಲ್ಲಿ ಇಂಡಿ ತಾಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದೇ ನಾನು ನಂಬಿದ್ದೆ. ಹದಿನೆಂಟು ವರ್ಷಗಳಿಂದ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸುತ್ತಿದ್ದೇನೆ. ಕೇಂದ್ರಪಟ್ಟಿ, ರಾಜ್ಯಪಟ್ಟಿ, ಸಮವರ್ತಿ ಪಟ್ಟಿ ಮೂರೂ ಬಾಯಿಪಾಠ. ಹೀಗಾಗಿ ನನ್ನ ಹೆಂಡತಿಯ ತಮ್ಮ ಮಲ್ಲು ಕೆನಡಾಕ್ಕೆ ಹೋಗುವ ಅರ್ಜಿ ಹಿಡಿದು ಬಂದಾಗ ನನಗೆ ಭಯವೇ ಆಗಲಿಲ್ಲ. ಆಗಬೇಕಿತ್ತು!

ಮಲ್ಲು ಸಕ್ಕರೆ ಕಾರ್ಖಾನೆಯಲ್ಲಿ ವೆಲ್ಡರ್. ಹಂಗಾಮು ಮುಗಿದರೆ ಕೆಲಸವೂ ಮುಗಿಯಿತು. ಕೆನಡಾಕ್ಕಾಗಿ ಮೂರು ಸಲ ಇಂಗ್ಲಿಷ್ ಪರೀಕ್ಷೆಗೆ ಕೂತು, ಮೂರನೆಯ ಸಲ ಗೆದ್ದಿದ್ದ.

“ಮಾಮಾ, ಇದು ಸ್ವಲ್ಪ ತೊಡಕೈತ್ರಿ,” ಎಂದ. “ಮೊದಲ ಅಲ್ಲಿ ಒಂದು ರಾಜ್ಯದವ್ರು ನಮಗ ಈ ಮನಷಾ ಬೇಕು ಅನ್ಬೇಕಂತ. ಆಮ್ಯಾಲ ಕೇಂದ್ರದವ್ರು ಒಳಗ ಬಿಡ್ತಾರಂತ.”

ನನ್ನ ಕಿವಿ ನೆಟ್ಟಗಾದವು. ನಮ್ಮಲ್ಲಿ ಹೊರದೇಶದವರನ್ನು ಸೇರಿಸಿಕೊಳ್ಳುವುದು ಪೂರ್ತಿ ದಿಲ್ಲಿಯ ಬಾಬತ್ತು. ಅಲ್ಲಿ ಎಂಥ ಕೆಲಸಗಾರ ಬೇಕೆಂದು ಪ್ರಾಂತ್ಯ, ಎಂದರೆ ಅಲ್ಲಿನ ರಾಜ್ಯ, ಹೇಳುತ್ತದೆ. ಆರೋಗ್ಯ, ಪೊಲೀಸ್ ದಾಖಲೆ ನೋಡಿ ಕೇಂದ್ರ ಒಪ್ಪುತ್ತದೆ. ಇಬ್ಬರಿಗೂ ಜಗಳ ಬಂದರೆ ಯಾರ ಮಾತು ನಡೆಯುತ್ತದೆ? ಒಂದು ಪ್ರಾಂತ್ಯ ಕರೆಸಿಕೊಂಡವನು ಮರುದಿನವೇ ಪಕ್ಕದ ಪ್ರಾಂತ್ಯದ ಬಸ್ಸು ಹತ್ತಿದರೆ? ಎರಡು ದಿನ ಕುತೂಹಲದಿಂದ ಇದನ್ನೇ ಓದಿದೆ. ಅರ್ಜಿಯ ಸೂಚನೆಗಳನ್ನು ಮಾತ್ರ ಓದಲಿಲ್ಲ.

ಅರ್ಜಿಯಲ್ಲೊಂದು ಪ್ರಶ್ನೆಯಿತ್ತು: ‘ಎಲ್ಲಿ ನೆಲೆಸಲು ಬಯಸುತ್ತೀರಿ? ಏಕೆ?’

ಇದು ನನಗೇನು ಹೊಸದೇ? ಶಿಕ್ಷಕರ ವರ್ಗಾವಣೆಯ ಕೌನ್ಸೆಲಿಂಗಿಗೆ ಹೋಗುವಾಗ ಮೊದಲು ಇಂಡಿ, ಇಲ್ಲದಿದ್ದರೆ ಸಿಂದಗಿ, ಅದೂ ತಪ್ಪಿದರೆ ಮುದ್ದೇಬಿಹಾಳ, ಕಡೆಗೆ ಬಸವನ ಬಾಗೇವಾಡಿ ಎಂದು ಪಟ್ಟಿ ಮಾಡಿಕೊಂಡು ಹೋದವನು ನಾನು. ಒಂದೇ ಊರಿಗೆ ಹಟ ಹಿಡಿದವನಿಗೆ ಯಾವ ಊರೂ ಸಿಗುವುದಿಲ್ಲ ಎಂಬುದು ನಮ್ಮ ಸ್ಟಾಫ್ ರೂಮಿನ ಪರಮಜ್ಞಾನ. ಅದರಂತೆ ಬರೆದೆ: ಮೊದಲ ಆದ್ಯತೆ ಮಾನಿಟೋಬಾ. ಎರಡನೆಯದು ಸಸ್ಕಾಚೆವಾನ್. ಮೂರನೆಯದು ಆಲ್ಬರ್ಟಾ. ನಾಲ್ಕನೆಯದು ಒಂಟಾರಿಯೊ. ಕೊನೆಗೆ ವಿನಯದ ಒಂದು ಸಾಲು: ‘ಸರಕಾರ ಎಲ್ಲಿಗೆ ಹಾಕಿದರೂ ನಿಷ್ಠೆಯಿಂದ ಸೇವೆ ಸಲ್ಲಿಸುತ್ತೇನೆ.’

ಮಲ್ಲು ಸಹಿ ಹಾಕಿದ ಆ ಅರ್ಜಿ ಹೋದದ್ದು ಮಾನಿಟೋಬಾ ಪ್ರಾಂತ್ಯ ಒಂದಕ್ಕೇ!

“ಎಲ್ಲಾ ಬರೋಬ್ಬರಿ ಬರದೀರಿಲ್ಲೊ?” ಎಂದು ಹೆಂಡತಿ ಶಾಂತಾ ಕೇಳಿದಳು.

“ಒಂದ ಬಿಟ್ಟು ನಾಕ ಕಡೆ ಗಾಳ ಹಾಕೇನಿ, ಸುಮ್ನಿರು.”

ಕೆಲವು ವಾರಗಳಾದ ಮೇಲೆ ಪತ್ರ ಬಂತು. ‘ನೀವು ನಮ್ಮಲ್ಲೇ ನೆಲೆಸುವಿರೆಂದು ನಮಗೆ ತೋರುತ್ತಿಲ್ಲ. ವಿವರಣೆ ಕೊಡಿ. ಇಲ್ಲವಾದರೆ ಅರ್ಜಿ ತಿರಸ್ಕರಿಸಲಾಗುವುದು.’

ಮಲ್ಲು ಊಟ ಬಿಟ್ಟ. ಶಾಂತಾ ನನ್ನ ಜೊತೆ ಮಾತು ಬಿಟ್ಟಳು. ನಾನು ಮಾತ್ರ ಧೈರ್ಯ ಬಿಡಲಿಲ್ಲ. ತಾಲೂಕು ಕಚೇರಿಯವರು ತಕರಾರು ತೆಗೆದರೆ ನಾವೇನು ಮಾಡುತ್ತೇವೆ? ಮೇಲಿನವರಿಗೆ ಬರೆಯುತ್ತೇವೆ. ನೇರವಾಗಿ ಕೆನಡಾದ ಕೇಂದ್ರ ಸರಕಾರಕ್ಕೇ ಮನವಿ ಕಳಿಸಿದೆ: ‘ಸದರಿ ಪ್ರಾಂತ್ಯಕ್ಕೆ ಸೂಕ್ತ ನಿರ್ದೇಶನ ನೀಡಬೇಕಾಗಿ ವಿನಂತಿ.’ ಅದರ ಕೆಳಗೆ, ‘ಪ್ರತಿ: ಮಾನಿಟೋಬಾ ಸರಕಾರಕ್ಕೆ, ಮಾಹಿತಿಗಾಗಿ.’

ಕೇಂದ್ರದವರು ಬರೆದರು: ಯಾರನ್ನು ಆರಿಸಬೇಕೆಂಬುದು ಪ್ರಾಂತ್ಯದ ಅಧಿಕಾರ, ನಾವು ಹೇಳುವಂತಿಲ್ಲ. ಜಗಳ ಬಂದರೆ ಯಾರ ಮಾತು ನಡೆಯುತ್ತದೆ ಎಂಬ ನನ್ನ ಕುತೂಹಲ ತಣಿಯಿತು. ಮಾನಿಟೋಬಾದವರು ಬರೆದರು: ವಿಡಿಯೊ ಸಂದರ್ಶನಕ್ಕೆ ಬನ್ನಿ.

ಸಂದರ್ಶನದ ಸಂಜೆ ಬಂತು. ಮಲ್ಲು ಮೊಬೈಲಿನ ಮುಂದೆ ಕುಳಿತಿದ್ದ. ನಾನು ಪರದೆಯಲ್ಲಿ ಕಾಣದಂತೆ ಕಪಾಟಿಗೆ ಅಂಟಿಕೊಂಡು ನಿಂತಿದ್ದೆ. ಅಧಿಕಾರಿ ಹೆಂಗಸು ಕೇಳಿಯೇಬಿಟ್ಟರು: “ಈ ನಾಲ್ಕು ಪ್ರಾಂತ್ಯಗಳ ಪಟ್ಟಿ ಏಕೆ?”

ನಾನು ಕೈಸನ್ನೆಯಿಂದ ‘ಸೇವೆ, ಸೇವೆ’ ಎಂದೆ. ಮಲ್ಲು ನನ್ನತ್ತ ನೋಡಲೇ ಇಲ್ಲ. ತಾನು ಕಲಿತ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ: “ಪಟ್ಟಿ ಬರೆದದ್ದು ನನ್ನ ಅಕ್ಕನ ಗಂಡ. ಓದದೆ ಸಹಿ ಮಾಡಿದ್ದು ನನ್ನ ತಪ್ಪು. ನನಗೆ ನಿಮ್ಮ ಪ್ರಾಂತ್ಯ ಒಂದೇ ಬೇಕು. ನನ್ನ ಜೊತೆ ಐಟಿಐ ಕಲಿತ ಸಿಂದಗಿಯ ಗೆಳೆಯ ನಿಮ್ಮಲ್ಲಿ ಟ್ರೇಲರ್ ವೆಲ್ಡಿಂಗ್ ಮಾಡುತ್ತಾನೆ. ಅವನಿರುವ ಊರಿನಲ್ಲೇ ನಾನೂ ಇರಬೇಕು.”

“ಆ ಅಕ್ಕನ ಗಂಡ ಈಗ ಎಲ್ಲಿದ್ದಾರೆ?”

ಮಲ್ಲು ಮೊಬೈಲನ್ನು ಕಪಾಟಿನ ಕಡೆ ತಿರುಗಿಸಿದ!

“ನಮಸ್ಕಾರ್ರಿ,” ಎಂದೆ. ಆಕೆ ನಗಲು ಬಾಯಿ ತೆರೆದರೋ, ಬೈಯಲು ತೆರೆದರೋ, ಅಷ್ಟರಲ್ಲಿ ನೆಟ್‌ವರ್ಕ್ ಹೋಗಿ ಮುಖ ಹಾಗೆಯೇ ನಿಂತಿತು. ಫಲಿತಾಂಶ ಬರುವವರೆಗೂ ಆ ತೆರೆದ ಬಾಯಿ ನನ್ನ ಕಣ್ಣ ಮುಂದೆಯೇ ಇತ್ತು.

“ಒಂದ ಕಡೆನ ಹೋಗ್ಬೇಕಂತ ಮೊದಲ ಯಾಕ ಹೇಳಲಿಲ್ಲೋ?” ಎಂದು ಮಲ್ಲುವನ್ನು ದಬಾಯಿಸಿದೆ.

“ನೀವ ಎಲ್ಲಿ ಕೇಳಿದ್ರಿ, ಮಾಮಾ?”

ಮಾನಿಟೋಬಾ ಅವನನ್ನು ಒಪ್ಪಿತು. ಉಳಿದದ್ದು ಕೇಂದ್ರದ ಅರ್ಜಿ. ಮಲ್ಲು ತಾನೇ ತುಂಬಿದ, ಶಾಂತಾ ಪಕ್ಕದಲ್ಲಿ ಕುಳಿತಳು. ನನಗೆ ದೂರದ ಕುರ್ಚಿಯಿಂದ ನೋಡಲು ಅನುಮತಿಯಿತ್ತು. ಕೊನೆಯ ಹಾಳೆಯಲ್ಲಿ ಒಂದು ಪ್ರಶ್ನೆ: ‘ಈ ಅರ್ಜಿಗೆ ನಿಮಗೆ ಯಾರಾದರೂ ನೆರವಾಗಿದ್ದಾರೆಯೇ?’

ನಾನು ಗಂಟಲು ಸರಿಪಡಿಸಿಕೊಂಡು, ಹೆಸರು ಹೇಳಲು ಸಿದ್ಧನಾದೆ. ಮಲ್ಲು ಅಕ್ಕನ ಮುಖ ನೋಡಿದ.

“ಇದ್ದದ್ದ ಬರಿಯೋ,” ಎಂದಳು ಶಾಂತಾ.

ಅವನು ‘ಇಲ್ಲ’ ಎಂಬಲ್ಲಿ ಗುರುತು ಹಾಕಿದ. ಆಕ್ಷೇಪಿಸಲು ನನ್ನ ಬಳಿ ಒಂದು ಆಧಾರವೂ ಇರಲಿಲ್ಲ.