ಆರು ಮೂಲೆಯ ಚೌಕಟ್ಟು

ಗಣಿತದ ಮೇಷ್ಟ್ರಿಗೆ ಮನೆಯಲ್ಲಿ ಮರ್ಯಾದೆ ಕಮ್ಮಿ ಎಂಬ ಕೊರಗು ಮೊದಲಿನಿಂದಲೂ ಇತ್ತು. ಶಾಲೆಯಲ್ಲಿ ಅವರು ಚಾಕ್‌ಪೀಸ್ ಎತ್ತಿದರೆ ತರಗತಿಯೇ ಗಪ್‌ಚುಪ್. ಮನೆಯಲ್ಲಿ ಬಾಯಿ ತೆರೆದರೆ ಹೆಂಡತಿ ಮಿಕ್ಸಿ ಹಾಕುತ್ತಿದ್ದಳು. ಹೀಗಿರುವಾಗ ಭಾವಮೈದುನ ಅಕ್ಕನಿಗೆಂದು ಆರು ಮೂಲೆಯ ಕನ್ನಡಿಯೊಂದನ್ನು ತಂದುಕೊಟ್ಟ. ಚೌಕಟ್ಟು ಹಾಕಿಸಲು ಬಡಗಿಯನ್ನು ಕರೆಯೋಣ ಎಂದಾಗ ಮೇಷ್ಟ್ರು ಸಿಡಿದೆದ್ದರು. ಬಹುಭುಜಾಕೃತಿಗಳ ಒಳಕೋನ, ಹೊರಕೋನಗಳನ್ನು ಊರ ಮಕ್ಕಳಿಗೆಲ್ಲ ಅರೆದು ಕುಡಿಸಿದ ತಾನಿರುವಾಗ ಬಡಗಿಯೇ? ಮುಂದಿನ ಭಾನುವಾರ ಬಾ, ಗೋಡೆಯ ಮೇಲಿರುತ್ತದೆ ಎಂದು ಭಾವಮೈದುನನಿಗೆ ಮಾತು ಕೊಟ್ಟುಬಿಟ್ಟರು.

ಹೆಂಡತಿ ಒಳಗಿನಿಂದ ಆರು ತೇಗದ ಪಟ್ಟಿಗಳನ್ನು ತಂದು ಅವರ ಕೈಗಿಟ್ಟಳು. ತೀರಿಹೋದ ಅವಳ ಅಪ್ಪನ ಮಂಚದಿಂದ ಬಿಚ್ಚಿ ಉಳಿಸಿಕೊಂಡಿದ್ದವು.

"ಇಷ್ಟೇ ಇರೋದು ರೀ. ನೋಡ್ಕೊಂಡು ಕತ್ತರಿಸಿ."

ಲೆಕ್ಕ ಮೇಷ್ಟ್ರ ನಾಲಿಗೆಯ ತುದಿಯಲ್ಲೇ ಇತ್ತು. ಹೊರಕೋನಗಳೆಲ್ಲ ಕೂಡಿ ಮುನ್ನೂರ ಅರವತ್ತು. ಆರು ಮೂಲೆಗೆ ಹಂಚಿದರೆ ತಲಾ ಅರವತ್ತು. ಪಕ್ಕದ ಮನೆಯಿಂದ ಎರವಲು ತಂದ, ಬೇಕಾದ ಕೋನಕ್ಕೆ ತಿರುಗಿಸುವ ಗರಗಸವನ್ನು ಅರವತ್ತಕ್ಕೆ ನಿಲ್ಲಿಸಿದರು. ಮೊದಲು ಎರಡನ್ನು ಕತ್ತರಿಸಿ ಜೋಡಿಸಿ ನೋಡಿ ಎಂದಳು ಹೆಂಡತಿ. ತಾಳೆ ನೋಡುವುದು ಅನುಮಾನ ಇದ್ದವರ ಕೆಲಸ ಎಂದು ಮೇಷ್ಟ್ರು ಆರನ್ನೂ ಒಂದೇ ಉಸಿರಿಗೆ ಕತ್ತರಿಸಿ ಹಾಕಿದರು. (ತಾಳೆ ನೋಡದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವವರೂ ಇವರೇ.)

ನೆಲದ ಮೇಲೆ ಜೋಡಿಸಲು ಕುಳಿತರು. ಮೂರನೆಯ ಪಟ್ಟಿ ಸೀದಾ ಹೋಗಿ ಮೊದಲನೆಯದಕ್ಕೆ ಕೂಡಿಕೊಂಡಿತು. ಉಳಿದ ಮೂರೂ ಅದೇ ಹಾದಿ ಹಿಡಿದವು. ಷಡ್ಭುಜವೆಂಬ ಮಹಾಕೃತಿಯ ಬದಲು ಎರಡು ಚೊಕ್ಕ ತ್ರಿಕೋನಗಳು, ಮೂಲೆಯಲ್ಲಿ ಕೂದಲೂ ತೂರದಷ್ಟು ಬಿಗಿಯಾಗಿ.

ಆಗ ಹೊಳೆಯಿತು. ಮೂಲೆಯ ಅರವತ್ತನ್ನು ಅಲ್ಲಿ ಸೇರುವ ಎರಡು ಪಟ್ಟಿಗಳು ಮೂವತ್ತು ಮೂವತ್ತು ಹಂಚಿಕೊಳ್ಳಬೇಕಿತ್ತು. ಮೇಷ್ಟ್ರು ಎರಡಕ್ಕೂ ಇಡೀ ಅರವತ್ತು ದಯಪಾಲಿಸಿದ್ದರಿಂದ ಮೂಲೆ ನೂರಿಪ್ಪತ್ತು ತಿರುಗಿ, ಮೂರಕ್ಕೇ ಸುತ್ತು ಮುಗಿದಿತ್ತು. ಇದನ್ನು ಹೆಂಡತಿಗೆ ಬಿಡಿಸಿ ಹೇಳುವಷ್ಟರಲ್ಲಿ ಬೆವತುಹೋದರು. ಅವಳು ಬೈಯಲಿಲ್ಲ. ಅಪ್ಪನ ಮಂಚದ ಚೂರೊಂದನ್ನು ಎತ್ತಿ ಸವರಿದಳು.

"ಅರ್ಧ ಹಂಚಿಕೊಳ್ಳೋದು ನಿಮಗೆಲ್ಲಿ ಗೊತ್ತು? ಈ ಮನೇಲಿ ಯಾವ ಕೆಲಸ ಹಂಚಿಕೊಂಡಿದ್ದೀರಿ?"

ನಾಚಿಕೆಯಿಂದ ಮೇಷ್ಟ್ರಿಗೆ ಅವಳ ಮುಖ ನೋಡಲಾಗಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು, ತಿರುಗಿ ಜಗಳವಾದರೂ ಆಡಬಹುದಿತ್ತು.

ಭಾನುವಾರ ಭಾವಮೈದುನ ಬಂದ. ಗೋಡೆಯ ಮೇಲೆ ಎರಡು ತ್ರಿಕೋನ, ನೆಲದ ಮೇಲೆ ಬೋಳು ಕನ್ನಡಿ. ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ, ತಾನೇ ಆಸೆಪಟ್ಟು ತ್ರಿಕೋನ ಮಾಡಿಸಿದ್ದು, ಕನ್ನಡಿಗೆ ಬೇರೆ ಮರ ತರಿಸಬೇಕು ಎಂದುಬಿಟ್ಟಳು. ಅವನು ಮೂಲೆಗಳ ಮೇಲೆ ಬೆರಳಾಡಿಸಿ, ಏನು ಕೈ ನಮ್ಮ ಭಾವನದು ಎಂದು ಕೊಂಡಾಡಿದ. ಒಂದೊಂದು ಹೊಗಳಿಕೆಗೂ ಮೇಷ್ಟ್ರು ಒಂದೊಂದು ಗೇಣು ಕುಗ್ಗಿದರು. ನಿಜ ಹೇಳಿದರೆ ಹೆಂಡತಿ ಸುಳ್ಳಾಡಿದಳೆಂದಾಗುತ್ತದೆ. ಸುಮ್ಮನಿದ್ದರೆ ಮಾವನ ಮಂಚ ಹಾಳುಮಾಡಿ ಶಹಬ್ಬಾಸ್‌ಗಿರಿ ಪಡೆದಂತಾಗುತ್ತದೆ. ಸುಮ್ಮನಿದ್ದರು.

"ಭಾವ, ನನ್ನ ಮಗಳಿಗೆ ಈ ಒಳಕೋನ, ಹೊರಕೋನ ತಲೆಗೇ ಹತ್ತಲ್ಲ. ನಾಳೆಯಿಂದ ನಿಮ್ಮ ಹತ್ರ ಕಳಿಸ್ಲಾ?"

ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿಯೇ ಉತ್ತರ ಕೊಟ್ಟಳು.

"ಕಳಿಸು. ಇವರು ಹೇಳಿಕೊಡ್ತಾರೆ. ನಾನೂ ಪಕ್ಕದಲ್ಲೇ ಕೂತಿರ್ತೀನಿ."

ಬೇಡ ಎನ್ನಲು ಮೇಷ್ಟ್ರಿಗೆ ಮುಖವೇ ಇರಲಿಲ್ಲ.