ಖೋಕಾಗಳಿಗೆ ಇಟ್ಟ ಕುಂಕುಮ

ವಸ್ತುಗಳನ್ನು ನಂಬುವುದರಲ್ಲಿ ಎರಡು ಬಗೆಯ ಜನರಿದ್ದಾರೆ. ಕೆಲವರು ಕಣ್ಣಿನಿಂದ ನೋಡಿ ನಂಬುತ್ತಾರೆ, ಇನ್ನು ಕೆಲವರು ಅದರ ಮೇಲೆ ಬರೆದಿರುವುದನ್ನು ಓದಿ ನಂಬುತ್ತಾರೆ. ನಾನು ಎರಡನೆಯ ಪಂಗಡದವನು. ನನ್ನ ಹಲ್ಲುಜ್ಜುವ ಬ್ರಷ್ಷಿನ ಹಿಡಿಯ ಮೇಲೆ ಅದನ್ನು ಬಿಚ್ಚಿದ ತಾರೀಖು ಇರುತ್ತದೆ. ಗ್ಯಾಸ್ ಸಿಲಿಂಡರಿನ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ತಾರೀಖು ಇರುತ್ತದೆ. ಮದುವೆಯಾದ ಹೊಸದರಲ್ಲಿ ಒಂದು ದಿನ ಉಪ್ಪಿನಕಾಯಿ ಜಾಡಿಗೆ ಚೀಟಿ ಅಂಟಿಸುತ್ತಿದ್ದೆ. ನನ್ನ ಹೆಂಡತಿ ಉಮಾ ಪಕ್ಕದಲ್ಲಿ ಬಂದು ನಿಂತು, ಮುಂಗೈ ಚಾಚಿ, ನನಗೂ ಒಂದು ಅಂಟಿಸಿಬಿಡಿ, ತಂದ ತಾರೀಖು ಮರೆತುಹೋದೀತು ಎಂದಳು. ಚೀಟಿಗಳು ಮುಗಿದಿದ್ದರಿಂದ ಆ ಕೆಲಸ ಹಾಗೇ ಉಳಿಯಿತು.

ಈ ಗುಣದಿಂದಲೇ ನನಗೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಬಂದ ಭತ್ತದ ತೇವಾಂಶ ಅಳೆಯುವುದು, ನುಚ್ಚೆಷ್ಟು, ಕಲ್ಲೆಷ್ಟು, ಬಣ್ಣಗೆಟ್ಟದ್ದೆಷ್ಟು ಎಂದು ಎಣಿಸಿ ಬರೆಯುವುದು ನನ್ನ ಕೆಲಸ. ದಿನವೂ ಬಳ್ಳಾರಿಯ ಪಾರ್ವತಿನಗರದಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಇಷ್ಟೆಲ್ಲ ಆರಿಸುವ ಮನುಷ್ಯ ಬ್ರೂಸ್‌ಪೇಟೆಯಲ್ಲಿ ಬದನೆಕಾಯಿ ತಂದರೆ ಮಾತ್ರ ಅರ್ಧಕ್ಕರ್ಧ ಹುಳುಕಿರುತ್ತದೆ. ಇದಕ್ಕೆ ನನ್ನಲ್ಲಿ ಸಮರ್ಥನೆ ಇದೆ: ಬದನೆಕಾಯಿಯ ಮೇಲೆ ಯಾರೂ ಏನೂ ಬರೆದಿರುವುದಿಲ್ಲ.

ನನಗಿರುವ ಚಟ ಒಂದೇ, ಪಿಸ್ತೂಲಿನಿಂದ ಗುರಿ ಹೊಡೆಯುವುದು. ಕುರುಗೋಡಿನ ಕಡೆ, ಕೈಬಿಟ್ಟ ಕಲ್ಲಿನ ಕ್ವಾರಿಯೊಂದರಲ್ಲಿ ನಮ್ಮ ಕ್ಲಬ್ಬಿನ ಅಭ್ಯಾಸದ ಜಾಗವಿದೆ. ಹಿಂದೆ ಬಂಡೆ, ಮುಂದೆ ಮಣ್ಣಿನ ದಿಬ್ಬ, ಅದರ ಮುಂದೆ ಕಾಗದದ ಗುರಿ. ಕ್ಲಬ್ಬಿನ ಹಿರಿಯರು ರಾರಾವಿಯ ಎರ್ರಿಸ್ವಾಮಿಯವರು. ಸೈನ್ಯದಲ್ಲಿ ಸುಬೇದಾರರಾಗಿದ್ದು, ನಿವೃತ್ತರಾಗಿ ಬಂದು, ಈಗ ಹೊಳೆದಂಡೆಯಲ್ಲಿ ಭತ್ತ ಬೆಳೆಯುತ್ತಾರೆ. ಭತ್ತದ ಸಾಲನ್ನೂ ಕವಾಯತಿನ ಸಾಲಿನಂತೆ ನಿಲ್ಲಿಸಿದ್ದಾರೆಂದು ಊರವರು ಹೇಳುತ್ತಾರೆ.

ಗುಂಡು ಹಾರಿದ ಮೇಲೆ ಪಿಸ್ತೂಲಿನಿಂದ ಪಕ್ಕಕ್ಕೆ ಚಿಮ್ಮಿ ಬೀಳುವ ಹಿತ್ತಾಳೆಯ ಖಾಲಿ ಕೊಳವೆಗೆ ನಮ್ಮಲ್ಲಿ ಖೋಕಾ ಎನ್ನುತ್ತಾರೆ. ಸುಬೇದಾರರು ಸೈನ್ಯದಿಂದ ತಂದ ಮಾತು. ಕಿರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ, ನೋಡಲು ಏನೂ ಅಲ್ಲ. ಆದರೆ ಖೋಕಾ ಚೆನ್ನಾಗಿದ್ದರೆ ಅದಕ್ಕೆ ಮತ್ತೆ ಮದ್ದು, ಗುಂಡು ತುಂಬಿ ಹೊಡೆಯಬಹುದು. ಹೊಸ ಕಾಡತೂಸು ಬೇಕೆಂದರೆ ಅರ್ಜಿ, ಪರವಾನಗಿ, ಮೊಹರು ಎಂದು ತಿಂಗಳುಗಳು ಹಿಡಿಯುತ್ತವೆ. ಹಾಗಾಗಿ ಕ್ಲಬ್ಬಿಗೆ ಕೊಟ್ಟ ಅನುಮತಿಯ ಮೇಲೆ ಸುಬೇದಾರರೇ ಬೀಗ ಹಾಕಿದ ಕೋಣೆಯೊಳಗೆ ಕೂತು ತುಂಬುತ್ತಾರೆ. ಬೇರೆ ಯಾರಿಗೂ ಆ ಕೋಣೆಗೆ ಪ್ರವೇಶವಿಲ್ಲ. ಖೋಕಾ ಆರಿಸುವ ಕೆಲಸವನ್ನೂ ಮೊದಲು ಅವರೇ ಮಾಡುತ್ತಿದ್ದರು. ಒಂದೊಂದನ್ನೂ ಬಿಸಿಲಿಗೆ ಹಿಡಿದು, ಬಾಯಿಯ ಅಂಚು ಸೀಳಿದೆಯೇ, ಬುಡದ ಹತ್ತಿರ ಉಬ್ಬಿದೆಯೇ, ಕಿಡಿ ಹೊತ್ತಿಸುವ ಕ್ಯಾಪು ಕೂರುವ ಗುಂಡಿ ಸಡಿಲವಾಗಿದೆಯೇ ಎಂದು ಉಗುರಿನಿಂದ ತಡವಿ ನೋಡುವರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಹತ್ತಿರದ ಸಣ್ಣದು ಅವರಿಗೆ ಮಸುಕಾಗಿ, ಆ ಕೆಲಸ ನನಗೆ ಬಂತು. ಕೊಡುವಾಗ ಒಂದೇ ಮಾತು ಹೇಳಿದರು.

“ಆರಿಸಾದು ನಿಂದು, ತುಂಬಾದು ನಂದು. ಸೀಳಿದ್ದು ಒಂದು ಒಳಗ ಬಂತಂದ್ರ ಬೆಂಕಿ ಯಾರ ಮುಖಕ್ಕ ಹೊಡಿತೈತಿ ಅಂತ ಹೇಳಾಕ ಬರಲ್ಲ. ನೆನಪಿಟ್ಕ ತಮ್ಮಾ.”

ನಾನು ನೆನಪಿನ ಮೇಲೆ ಬಿಡುವವನಲ್ಲ. ಒಂದು ಪದ್ಧತಿ ಮಾಡಿದೆ. ಖೋಕಾ ಒಂದು ಸಲ ಹೊಡೆದು ಬಂದರೆ ಅದರ ಬುಡಕ್ಕೆ ಮಾರ್ಕರ್ ಪೆನ್ನಿನಿಂದ ಒಂದು ಕೆಂಪು ಚುಕ್ಕೆ. ಎರಡನೆಯ ಸಲಕ್ಕೆ ಎರಡನೆಯ ಚುಕ್ಕೆ. ಐದು ಚುಕ್ಕೆಯಾದರೆ ನಿವೃತ್ತಿ. ಒಂದೇ ಚುಕ್ಕೆ ಇದ್ದದ್ದು ಉತ್ತಮ, ಎಳೆಯದು, ಕಣ್ಣು ಮುಚ್ಚಿ ನಂಬಬಹುದಾದದ್ದು. ಕಣ್ಣು ಮುಚ್ಚಿ ಎನ್ನುವುದನ್ನು ನಾನು ಸ್ವಲ್ಪ ಅಕ್ಷರಶಃ ತೆಗೆದುಕೊಂಡಿದ್ದೆ ಎಂದು ಆಮೇಲೆ ತಿಳಿಯಿತು. ದಿನ ಕಳೆದಂತೆ ನಾನು ಖೋಕಾ ನೋಡುವುದನ್ನು ಬಿಟ್ಟು ಚುಕ್ಕೆಗಳನ್ನಷ್ಟೇ ನೋಡುತ್ತಿದ್ದೆ.

ಈ ವರ್ಷ ದಸರಾ ಮುಗಿದ ಭಾನುವಾರವೇ ಜಿಲ್ಲಾ ತಂಡದ ಆಯ್ಕೆ ಇತ್ತು. ಹಿಂದಿನ ಎರಡು ವರ್ಷ ನನಗೆ ಕೂದಲೆಳೆಯಲ್ಲಿ ಆಯ್ಕೆ ತಪ್ಪಿತ್ತು. ಕೂದಲೆಳೆ ಎನ್ನುವುದು ನನ್ನ ಮಾತು, ಸುಬೇದಾರರ ಪ್ರಕಾರ ಅದು ಹಗ್ಗ. ಮೂರನೆಯ ಸಲವೂ ತಪ್ಪಿದರೆ ಕ್ಲಬ್ಬಿನ ನಿಯಮದಂತೆ ಆಯ್ಕೆಗೆ ನಿಲ್ಲುವ ನನ್ನ ಜಾಗ ಬೇರೆಯವರಿಗೆ ಹೋಗುತ್ತದೆ. ಅದಕ್ಕೇ ಹಬ್ಬಕ್ಕೆ ಮೊದಲೇ ಪುಸ್ತಕದಲ್ಲಿ ಸಹಿ ಹಾಕಿ ಇನ್ನೂರು ಖೋಕಾ ಮನೆಗೆ ತಂದಿದ್ದೆ. ದಶಮಿಯ ದಿನ ಸುಬೇದಾರರು ಬಳ್ಳಾರಿಗೆ ಬರುವವರಿದ್ದರು. ಅಷ್ಟರಲ್ಲಿ ಆರಿಸಿ ಕೊಟ್ಟರೆ ಮರುದಿನ ತುಂಬಿ ಕೊಡುವರು, ನಾನು ಶನಿವಾರವಿಡೀ ಅಭ್ಯಾಸ ಮಾಡಬಹುದು.

ಮಹಾನವಮಿಯ ಬೆಳಿಗ್ಗೆ ನಾನು ಗಿರಣಿಯ ಆಯುಧಪೂಜೆಗೆಂದು ಸಿರುಗುಪ್ಪಕ್ಕೆ ಹೋದೆ. ಯಂತ್ರಗಳಿಗೆಲ್ಲ ಬಾಳೆಕಂಬ, ತಕ್ಕಡಿಗೆ ಹೂವಿನ ಹಾರ. ನನ್ನ ತೇವಾಂಶ ಅಳೆಯುವ ಯಂತ್ರಕ್ಕೆ ನಾನೇ ವಿಭೂತಿ ಬಳಿದು ಕುಂಕುಮ ಇಟ್ಟೆ. ಇಲ್ಲಿ ನಡೆಯುತ್ತಿರುವುದು ಮನೆಯಲ್ಲೂ ನಡೆಯುತ್ತಿರಬಹುದು ಎಂಬ ಸರಳ ಯೋಚನೆ ಆಗ ಹೊಳೆಯಬೇಕಿತ್ತು.

ಮಧ್ಯಾಹ್ನ ಮನೆಗೆ ಬಂದು ದೇವರ ಕೋಣೆಗೆ ಇಣುಕಿದೆ. ಈಳಿಗೆ ಮಣೆ, ಮಿಕ್ಸಿ, ಉಮಾಳ ಹೊಲಿಗೆ ಯಂತ್ರ, ನನ್ನ ಬೈಕಿನ ಕೀಲಿ, ಎಲ್ಲಕ್ಕೂ ಹೂವು ಏರಿತ್ತು. ನಡುವೆ ದೊಡ್ಡ ತಟ್ಟೆಯಲ್ಲಿ ನನ್ನ ಖೋಕಾಗಳು ಬಾಯಿ ಕೆಳಗೆ, ಬುಡ ಮೇಲೆ ಮಾಡಿಕೊಂಡು ಸಾಲಾಗಿ ನಿಂತಿದ್ದವು. ಫಳಫಳ ಹೊಳೆಯುತ್ತಿದ್ದವು. ನನ್ನ ಅವ್ವ ಹಿಂದಿನ ಸಂಜೆಯೇ ಅವನ್ನು ದೇವರ ದೀಪ, ಗಂಟೆ, ಚೊಂಬುಗಳ ಜೊತೆ ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಉಪ್ಪು ಹಾಕಿ ತಿಕ್ಕಿದ್ದಳು. ನನ್ನ ಚುಕ್ಕೆಗಳಲ್ಲಿ ಒಂದೂ ಉಳಿದಿರಲಿಲ್ಲ. ಆಮೇಲೆ ಒಂದೊಂದರ ತಲೆಗೂ ಒಂದೊಂದು ಕುಂಕುಮದ ಬೊಟ್ಟು ಇಟ್ಟಿದ್ದಳು. ಅವಳು ತಲೆ ಎಂದು ತಿಳಿದದ್ದು ನನ್ನ ಲೆಕ್ಕದಲ್ಲಿ ಬುಡ. ಸರಿಯಾಗಿ ನಾನು ಚುಕ್ಕೆ ಇಡುತ್ತಿದ್ದ ಜಾಗ. ಒಂದೇ ಚುಕ್ಕೆ, ಅದೂ ಕೆಂಪು.

ನಿವೃತ್ತಿಗೆ ಬಂದಿದ್ದ ಮುದಿ ಖೋಕಾಗಳೂ ಸೇರಿ ಇಡೀ ಬಳಗ ನನ್ನ ಪದ್ಧತಿಯ ಪ್ರಕಾರ ಉತ್ತಮ ದರ್ಜೆಗೆ ಬಡ್ತಿ ಪಡೆದು ಗಂಭೀರವಾಗಿ ನಿಂತಿತ್ತು.

ನನ್ನ ಮುಖ ನೋಡಿದ ಅವ್ವನಿಗೆ ನಾನು ಭಕ್ತಿಯಿಂದ ಮೂಕನಾಗಿದ್ದೇನೆ ಅನ್ನಿಸಿತು. “ಕರ್ರಗಾಗಿದ್ವಲ್ಲೋ. ಹಬ್ಬದ ದಿನ ಮನ್ಯಾಗ ಅಂಥಾ ಹಿತ್ತಾಳಿ ಇಡ್ತಾರೇನು? ಅದರ ಮ್ಯಾಲ ಏನೋ ಕೆಂಪಂದು ಹತ್ತಿಕೊಂಡಿತ್ತು, ಅದನ್ನ ಬಿಡಿಸಾದ್ರಾಗ ನನ್ನ ಉಗುರು ಹೋದ್ವು” ಎಂದಳು.

ಆ ಕೆಂಪೇ ನನ್ನ ಒಂದು ವರ್ಷದ ಲೆಕ್ಕ ಎಂದು ವಿವರಿಸಿದೆ. ಅವ್ವ ಶಾಂತವಾಗಿ ಕೇಳಿ, ಅದಕ್ಕೇನಂತೆ, ನಾನೂ ಕೆಂಪೇ ಇಟ್ಟಿದ್ದೇನಲ್ಲ ಎಂದಳು. ಅಡುಗೆಮನೆಯಿಂದ ಉಮಾಳ ನಗು ಕೇಳಿಸಿತು. ಹೋಳಿಗೆ ಲಟ್ಟಿಸುತ್ತಿದ್ದವಳು ಆ ನಗುವಿನಿಂದಲೇ ಹೋಳಿಗೆಯೊಂದನ್ನು ಹರಿದಳೆಂದು ಕಾಣುತ್ತದೆ, ಊಟಕ್ಕೆ ನನ್ನ ಎಲೆಗೆ ಹರಿದದ್ದೇ ಬಂತು. ಕೂಡಲೇ ಕೂತು ಒಂದೊಂದನ್ನೂ ಪರೀಕ್ಷಿಸೋಣವೆಂದು ತಟ್ಟೆಗೆ ಕೈ ಹಾಕಿದರೆ ಅವ್ವ ಕೈ ಹಿಡಿದಳು. ಪೂಜೆಗೆ ಕೂರಿಸಿದ್ದನ್ನು ದಶಮಿಯ ದಿನ ಆರತಿ ಮಾಡುವ ತನಕ ಕದಲಿಸುವಂತಿಲ್ಲ. ಮಿಕ್ಸಿಗೂ ಇದೇ ನಿಯಮವಿದ್ದುದರಿಂದ ಅಂದು ಒರಳಿನಲ್ಲಿ ರುಬ್ಬಿದ ಚಟ್ನಿ ತಿಂದೆವು. ಚಟ್ನಿ ಚೆನ್ನಾಗಿತ್ತು, ನನಗೆ ರುಚಿ ಹತ್ತಲಿಲ್ಲ.

ದಶಮಿಯ ದಿನ ಆರತಿ ಮುಗಿದದ್ದೇ ನಡುಮನೆಯಲ್ಲಿ ಚಾಪೆ ಹಾಸಿ, ಮೊರದಲ್ಲಿ ಖೋಕಾ ಸುರಿದುಕೊಂಡು ಮೂವರೂ ಕೂತೆವು. ನನ್ನ ಕೈಯಲ್ಲಿ ಭೂತಗನ್ನಡಿ. ಏನೇನು ನೋಡಬೇಕೆಂದು ಇಬ್ಬರಿಗೂ ಹೇಳಿಕೊಟ್ಟೆ. ಉಮಾಳ ಆಯ್ಕೆ ನಿರ್ದಾಕ್ಷಿಣ್ಯವಾದದ್ದು. ಸ್ವಲ್ಪ ನೆಗ್ಗಿದರೂ ಆಚೆ, ಗೀರು ಕಂಡರೂ ಆಚೆ, ಮುಖ ಹಿಡಿಸದಿದ್ದರೂ ಆಚೆ. ಅವ್ವನದು ಕರುಣೆಯ ಮಾರ್ಗ. ಉಮಾ ಆಚೆ ಹಾಕಿದ್ದನ್ನೆಲ್ಲ ಅವಳು ಸೆರಗಿನಿಂದ ಒರೆಸಿ ಮತ್ತೆ ಮೊರಕ್ಕೆ ಹಾಕುತ್ತಿದ್ದಳು. ಪೂಜೆ ಮಾಡಿದ್ದನ್ನು ಬಿಸಾಡುವುದೆಂದರೇನು ಎಂಬುದು ಅವಳ ವಾದ. ಸೀಳು ಬಿಟ್ಟ ಕೊಡಕ್ಕೆ ಬೆಸುಗೆ ಹಾಕಿಸಿ ಅದರಲ್ಲೇ ನಾವೆಲ್ಲ ನೀರು ಕುಡಿದು ದೊಡ್ಡವರಾಗಲಿಲ್ಲವೇ ಎಂದು ನನ್ನನ್ನೇ ಕೇಳಿದಳು. ಕೊಡ ಯಾರ ಕೈಯಲ್ಲೂ ಸಿಡಿಯುವುದಿಲ್ಲ ಎಂದೆ. ಹಬ್ಬದ ದಿನ ಕೆಟ್ಟ ಮಾತಾಡಬೇಡ ಎಂದು ಬೈಸಿಕೊಂಡೆ. ಹೀಗಾಗಿ ಒಂದು ಗಂಟೆ ಕಳೆದರೂ ಮೊರದಲ್ಲಿದ್ದ ರಾಶಿ ಕರಗಲಿಲ್ಲ.

ಆಗ ನನಗೆ ಧೈರ್ಯ ತಂದದ್ದು ನನ್ನ ಬೈಕಿನ ಡಬ್ಬಿಯಲ್ಲಿದ್ದ ಪುಟ್ಟ ಚೀಲ. ಅದರಲ್ಲಿ ಬೇರೆಯಾಗಿ ಆರಿಸಿಟ್ಟ, ನನ್ನದೇ ಅಸಲಿ ಒಂದು ಚುಕ್ಕೆಯ ಖೋಕಾಗಳಿದ್ದವು. ಹುಣಸೆಹಣ್ಣು ಸೋಕಿರಲಿಲ್ಲ. ಹೆಚ್ಚಿಲ್ಲದಿದ್ದರೂ ಶನಿವಾರದ ಅಭ್ಯಾಸಕ್ಕೆ ಸಾಕಾಗುವಷ್ಟಿದ್ದವು. ಪದ್ಧತಿ ಎಂದರೆ ಇದು ಎಂದು ಹೆಮ್ಮೆಯಿಂದ ಚೀಲ ತಂದು ಉಮಾಳ ಮುಂದೆ ಸುರಿದೆ. ಅವಳು ಭೂತಗನ್ನಡಿಯನ್ನೂ ಕೇಳಲಿಲ್ಲ. ಮೊದಲನೆಯದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು. ಬಾಯಿಯಿಂದ ಅರ್ಧದವರೆಗೆ ಕೂದಲಿನಂಥ ಸೀಳು, ಅದರೊಳಗಿಂದ ಬೆಳಕು ಬರುತ್ತಿತ್ತು. ಇನ್ನೆರಡರಲ್ಲೂ ಅಂಥದ್ದೇ. ಮೂರರ ಬುಡದಲ್ಲೂ ನನ್ನ ಕೈಯಿಂದಲೇ ಇಟ್ಟ ಅಚ್ಚುಕಟ್ಟಾದ ಚುಕ್ಕೆ.

“ಬದನಿಕಾಯಿ ಆರಿಸಿದ ಕೈ ಅಲ್ಲೇನ್ರಿ” ಎಂದಳು ಉಮಾ.

ಅದೇ ಹೊತ್ತಿಗೆ ಬಾಗಿಲಲ್ಲಿ ಸುಬೇದಾರರು ಬನ್ನಿ ಎಲೆ ಹಿಡಿದು ನಿಂತಿದ್ದರು. ಅವ್ವನಿಗೆ, ಉಮಾಳಿಗೆ, ನನಗೆ ಬನ್ನಿ ಕೊಟ್ಟು, ಬಂಗಾರದಂತೆ ಇರೋಣ ಎಂದು ಹೇಳಿ, ಚಾಪೆಯ ಮೇಲಿದ್ದ ಬಂಗಾರವನ್ನು ನೋಡಿದರು. ಕುಂಕುಮ ಮೆತ್ತಿದ ಒಂದು ಖೋಕಾ ಎತ್ತಿ, ತಿರುಗಿಸಿ, ಇದೇನೆಂದು ಕೇಳಿದರು. ನಾನು ಎಲ್ಲವನ್ನೂ ಹೇಳಿದೆ, ಆ ಮೂರು ಖೋಕಾಗಳನ್ನೂ ತೋರಿಸಿದೆ. ತೋರಿಸದೆ ಜೇಬಿಗೆ ಹಾಕಿಕೊಳ್ಳಬಹುದಿತ್ತು, ಆದರೆ ಉಮಾ ಆಗಲೇ ಅವನ್ನು ಅವರ ಕಾಫಿ ಲೋಟದ ಪಕ್ಕ ಸಾಲಾಗಿ ಜೋಡಿಸಿದ್ದಳು. ಹುಣಸೆಹಣ್ಣಿನಲ್ಲಿ ರಾತ್ರಿಯಿಡೀ ನೆಂದ ಖೋಕಾಗಳು ತುಸು ಗುಲಾಬಿ ಬಣ್ಣಕ್ಕೆ ತಿರುಗಿದ್ದವು, ಅದನ್ನು ಸುಬೇದಾರರು ಬೆರಳಿನಿಂದ ಉಜ್ಜಿ ನೋಡಿದರು.

“ಹುಳಿ ಹಿತ್ತಾಳಿನ ತಿಂದೈತಿ ಯಕ್ಕಾ. ಮ್ಯಾಲ ಇವು ಎಷ್ಟು ಸಲ ಸುಟ್ಟು ಬಂದಾವು ಅಂತ ಈಗ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಾ ತುಂಬಲ್ಲ” ಎಂದು ಅವ್ವನಿಗೆ ಹೇಳಿ, ನನ್ನ ಕಡೆ ತಿರುಗಿದರು. “ನಿನ್ನ ಚೀಲದ್ದೂ ಬ್ಯಾಡ. ಯಕ್ಕಾ ಒಂದ ದಿನ ಕಣ್ಣು ಮುಚ್ಚಿ ಬೊಟ್ಟು ಇಟ್ಟಾಳ. ನೀ ವರ್ಷಪೂರ್ತಿ ಅದನ್ನ ಮಾಡೀದಿ.”

ಅವರು ಬೈದಿದ್ದರೆ ಚೆನ್ನಾಗಿತ್ತು. ಹೋಳಿಗೆ ತಿನ್ನುತ್ತ, ತುಪ್ಪ ಸಾಕು ಎನ್ನುವ ಧಾಟಿಯಲ್ಲೇ ಹೇಳಿದರು. ಅಭ್ಯಾಸವಿಲ್ಲದೆ ಭಾನುವಾರ ನಿಂತು ಹೊಡೆಯಬೇಕು ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಅವ್ವನಿಗೆ ನನ್ನ ಭಾನುವಾರಕ್ಕಿಂತ ಖೋಕಾಗಳ ಗತಿಯದೇ ಚಿಂತೆ. ಕ್ಲಬ್ಬಿನ ನಿಯಮದಂತೆ ಜಜ್ಜಿ ಕರಗಿಸಲು ಕೊಡುತ್ತೇವೆ ಎಂದು ಸುಬೇದಾರರು ಹೇಳಿದಾಗ ಸ್ವಲ್ಪ ಯೋಚಿಸಿ, ಕರಗಿಸಿದರೆ ದೋಷವಿಲ್ಲ, ಬಿಸಾಡಬಾರದು ಅಷ್ಟೇ ಎಂದು ಒಪ್ಪಿದಳು. ಖೋಕಾಗಳನ್ನೆಲ್ಲ ತುಂಬಿದ ಡಬ್ಬಿಯನ್ನು ಅವರ ಕೈಗೆ ಕೊಡುವಾಗ ಮೇಲೆ ಒಂದು ಚೆಂಡುಹೂವನ್ನೂ ಇಟ್ಟಳು. ಸುಬೇದಾರರು ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರು.

ಭಾನುವಾರ ಹೊರಡುವಾಗ ಅವ್ವ ನನ್ನನ್ನು ದೇವರ ಕೋಣೆಯ ಮುಂದೆ ನಿಲ್ಲಿಸಿ ಹಣೆಗೆ ಕುಂಕುಮ ಇಟ್ಟಳು. ನಾನು ಕುರುಗೋಡಿಗೆ ಹೋದೆ. ಆಯ್ಕೆಗೆಂದೇ ಕ್ಲಬ್ಬು ತೆಗೆದಿಟ್ಟಿದ್ದ ಹೊಸ ಕಾಡತೂಸುಗಳಿಂದ ಹೊಡೆದೆ. ಈ ಸಲ ಕೂದಲೆಳೆಯೋ ಹಗ್ಗವೋ ಎಂಬ ಚರ್ಚೆಗೆ ಸುಬೇದಾರರು ಅವಕಾಶ ಕೊಡಲಿಲ್ಲ, ಜಾಗ ಬೇರೆಯವರಿಗೆ ಹೋಯಿತು. ಪ್ರಾಕ್ಟೀಸಿಗೆ ಬರುವುದನ್ನು ಮಾತ್ರ ಬಿಡಬೇಡ, ಖೋಕಾ ಆರಿಸುವುದನ್ನು ಮತ್ತೆ ಮೊದಲಿನಿಂದ ಕಲಿ, ಪೆನ್ನು ಮನೆಯಲ್ಲಿಟ್ಟು ಬಾ ಎಂದರು.

ಸಂಜೆ ಮನೆಗೆ ಬಂದು ಕೈಕಾಲು ತೊಳೆಯುವಾಗ ಕನ್ನಡಿ ನೋಡಿದೆ. ಬೆವರಿಗೂ ಅಳಿಯದೆ ಹಣೆಯ ಮೇಲೆ ಒಂದು ಕೆಂಪು ಚುಕ್ಕೆ ಉಳಿದಿತ್ತು. ನನ್ನ ಪದ್ಧತಿ ಎಲ್ಲಿಯೂ ಊರ್ಜಿತವಾಗದಿದ್ದರೂ ಇಲ್ಲಿ ಆದೀತೆಂದು ಸಮಾಧಾನವಾಯಿತು. ಹೊರಗೆ ಬಂದು ಉಮಾಳಿಗೆ ಹೇಳಿದೆ: ನೋಡು, ಒಂದೇ ಚುಕ್ಕೆ, ಅಂದರೆ ಉತ್ತಮ ದರ್ಜೆ, ಇನ್ನೂ ನಾಲ್ಕು ಸಲ ಧಾರಾಳವಾಗಿ ಪ್ರಯತ್ನಿಸಬಹುದು.

ಅವಳು ಹೊಲಿಗೆ ಯಂತ್ರದ ಮೇಲಿದ್ದ ನನ್ನ ಭೂತಗನ್ನಡಿ ತೆಗೆದುಕೊಂಡು, ನನ್ನ ಗಲ್ಲ ಹಿಡಿದು, ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು.

“ಚುಕ್ಕಿ ಇರ್ಲಿ. ಮೊದಲು ಬಾಯಿ ತೆಗೀರಿ, ಸೀಳೈತೇನು ನೋಡಾನ.”

ನಾನು ಬಾಯಿ ಮುಚ್ಚಿಕೊಂಡೆ.