ಭಾವನ ಶೇಕಡಾ, ಅಕ್ಕನ ಕರಿಬೇವು

ಸರ್ಕಾರಿ ಶಾಲೆಯ ಮೇಷ್ಟ್ರಾದ ನಮ್ಮ ಭಾವ ಮಕ್ಕಳಿಗೆ ಶೇಕಡಾ ಲೆಕ್ಕ ಹೇಳಿಕೊಟ್ಟದ್ದಕ್ಕೆ ಇಲ್ಲಿಯವರೆಗೆ ಆಗಿರುವ ಖರ್ಚು ಇಷ್ಟು: ಮೂರು ಸಲದ ಲಾರಿ ಬಾಡಿಗೆ, ಕಬ್ಬಿಣದ ಬೀರುವಿನ ಒಂದು ಕಾಲು, ನಮ್ಮಕ್ಕನ ಮೂರು ಕರಿಬೇವಿನ ಗಿಡ. ಬಾಡಿಗೆ ಕೊಟ್ಟವನು ನಾನು. ಲೆಕ್ಕ ಹೇಳಿಕೊಟ್ಟರೆ ಲಾರಿ ಯಾಕೆ ಬೇಕು ಅಂತ ಕೇಳುತ್ತೀರಿ, ಅಲ್ಲವೇ? ನಮ್ಮ ಭಾವನನ್ನು ನೀವು ನೋಡಿಲ್ಲ, ಅದಕ್ಕೇ ಕೇಳುತ್ತೀರಿ. ಹಾಸನ ಜಿಲ್ಲೆಯಲ್ಲಿ ಇಷ್ಟು ಅಪಾಯಕಾರಿ ಮನುಷ್ಯ ಇನ್ನೊಬ್ಬರಿಲ್ಲ! ಆಯುಧ ಅಂತ ಇರುವುದು ಒಂದು ಸ್ಕೇಲು, ಒಂದು ಕೋನಮಾಪಕ, ಜೇಬಿನಲ್ಲಿ ಒಂದಿಷ್ಟು ಬಣ್ಣದ ಸೀಮೆಸುಣ್ಣ.

ನಾನು ಹಾಸನದಲ್ಲಿ ಆಲೂಗಡ್ಡೆ ಮಂಡಿ ಇಟ್ಟಿರುವವನು. ದುದ್ದದಿಂದ ಬರಿಗೈಯಲ್ಲಿ ಬಂದು, ಮೂಟೆ ಹೊತ್ತು, ಮಾತು ಕಲಿತು ಮೇಲೆ ಬಂದವನು. ನನ್ನ ಕಸುಬಿನಲ್ಲಿ ಶೇಕಡಾ ಎಂದರೆ ಮಾತು ಶುರುವಾಗುವ ಜಾಗ. ಎದುರಿನವನು ಹತ್ತು ಅನ್ನುತ್ತಾನೆ, ನಾನು ನಾಲ್ಕು ಅನ್ನುತ್ತೇನೆ, ಕಾಫಿ ಕುಡಿದು ಇಬ್ಬರೂ ಆರಕ್ಕೆ ಬರುತ್ತೇವೆ. ಭಾವನಿಗೆ ಶೇಕಡಾ ಎಂದರೆ ಮಾತು ಮುಗಿಯುವ ಜಾಗ. ನಮ್ಮಿಬ್ಬರಿಗೂ ಹೇಗೆ ಹೊಂದೀತು, ನೀವೇ ಹೇಳಿ.

ಹಬ್ಬಕ್ಕೆ ನಮ್ಮ ಮನೆಗೆ ಬಂದರೂ ಅದೇ ಚಾಳಿ. ಕೊನೆಗುಳಿದ ಒಂದು ಹೋಳಿಗೆಯನ್ನು ಐದು ಮಕ್ಕಳಿಗೆ ಹಂಚಲು ಕೋನಮಾಪಕ ಇಟ್ಟು ತಲಾ ಎಪ್ಪತ್ತೆರಡು ಡಿಗ್ರಿ ಕೊಯ್ದರು. ಅಷ್ಟು ಹೊತ್ತಿಗೆ ತುಪ್ಪವೆಲ್ಲ ಕೋನಮಾಪಕಕ್ಕೇ ಹತ್ತಿತ್ತು. ನನ್ನ ಹೆಂಡತಿ ಅದನ್ನು ತೊಳೆದು ಕೊಡುವಾಗ, ಮುಂದಿನ ಹಬ್ಬಕ್ಕೆ ಇದಕ್ಕೂ ಒಂದು ಎಲೆ ಹಾಕುತ್ತೇನೆ ಅಂದಳು.

ಪಾಠಪುಸ್ತಕದಲ್ಲಿ ಲೆಕ್ಕ ಸುಲಭವಾಗಿಯೇ ಇರುತ್ತದೆ. ಒಂದು ತರಗತಿಯಲ್ಲಿ ಮಾವು ಇಷ್ಟಪಡುವವರು ಇಷ್ಟು, ಬಾಳೆ ಇಷ್ಟಪಡುವವರು ಇಷ್ಟು, ಸ್ತಂಭ ನಕ್ಷೆ ಎಳೆಯಿರಿ. ಉಳಿದ ಮೇಷ್ಟ್ರುಗಳು ಎಳೆಸಿ, ಸಂಬಳ ತೆಗೆದುಕೊಂಡು ನೆಮ್ಮದಿಯಾಗಿದ್ದಾರೆ. ಭಾವನದು ಒಂದೇ ಹಟ: ಇಲ್ಲದ ಮಕ್ಕಳು ತಿನ್ನದ ಮಾವಿನಹಣ್ಣು ನಮಗೆ ಬೇಡ, ಕಂಡದ್ದನ್ನು ಎಣಿಸಿಕೊಂಡು ಬನ್ನಿ. ಮಕ್ಕಳು ಕಂಡದ್ದನ್ನೆಲ್ಲ ಎಣಿಸಿದರು. ಅಲ್ಲಿಂದ ಶುರುವಾಯಿತು ನನ್ನ ಲಾರಿ ವ್ಯವಹಾರ.

ಹೊಳೆನರಸೀಪುರದ ಕಡೆಯ ಶಾಲೆಯಲ್ಲಿ, ಒಂದು ತಿಂಗಳು ಯಾರು ಎಷ್ಟು ದಿನ ಬಂದರು ಎಂಬ ನಕ್ಷೆ ಬರೆಸಿದರು. ಮಕ್ಕಳು ಗೇಟಿನೊಳಗೆ ಬಂದವರನ್ನೆಲ್ಲ ಸೇರಿಸಿಬಿಟ್ಟರು: ತಾವು, ಅಡುಗೆಯವರು, ಬಿಸಿಯೂಟಕ್ಕೆ ತಪ್ಪದೆ ಹಾಜರಾಗುವ ಒಂದು ಕೆಂದ ನಾಯಿ, ಮುಖ್ಯೋಪಾಧ್ಯಾಯರು. ಗೋಡೆಯ ಮೇಲೆ ನಾಯಿಯ ಸ್ತಂಭ ಭುಜದೆತ್ತರ ನಿಂತಿತು. ಮುಖ್ಯೋಪಾಧ್ಯಾಯರದು ಅದರ ಮೊಣಕಾಲಿಗೆ ಬಂತು! ಹೋಗಲಿ, ನಾಯಿಯನ್ನಾದರೂ ತೆಗೆಸಿ ಅಂತ ನಾನು ಬೇಡಿಕೊಂಡೆ. “ಅದು ಬಂದಿತ್ತಲ್ಲಪ್ಪ” ಅಂದರು ಭಾವ. ಅಷ್ಟೇ. ವರ್ಗದ ಆದೇಶ ಬಂತು, ಮೊದಲನೆಯ ಲಾರಿ.

ಅರಕಲಗೂಡಿನ ಕಡೆ ವೃತ್ತ ನಕ್ಷೆಯ ಪಾಠ. ಬೆಳಿಗ್ಗೆ ಏನು ತಿಂದು ಬಂದಿರಿ ಎಂಬುದೇ ಪ್ರಶ್ನೆ. ಕಾಲು ಭಾಗದಷ್ಟು ಮಕ್ಕಳು ಏನೂ ತಿಂದಿರಲಿಲ್ಲ. ಕಾಗದದ ಮೇಲೆ ಅರ್ಥವಾಗುವುದಿಲ್ಲ ಅಂತ ಭಾವ ಅಡುಗೆಯವರಿಂದ ಅಗಲವಾದ ಒಂದು ಅಕ್ಕಿರೊಟ್ಟಿ ತಟ್ಟಿಸಿ, ನಕ್ಷೆಯ ಹಾಗೆ ಕೊಯ್ದು, ಹಲಗೆಯ ಮೇಲೆ ಇಟ್ಟರು. ನಮ್ಮೂರಲ್ಲಿ ಹಸಿದವರಿದ್ದಾರೆ ಅಂತ ಬರೆಯುತ್ತೀರಾ ಎಂದು ಊರಿನ ಹಿರಿಯರೊಬ್ಬರು ಸಿಟ್ಟಾಗಿ, ತಾಲ್ಲೂಕಿನಿಂದ ಶಿಕ್ಷಣ ಇಲಾಖೆಯ ಸಾಹೇಬರನ್ನೇ ಕರೆತಂದರು. ಬಂದು ನೋಡಿದರೆ ನಕ್ಷೆ ಎಲ್ಲಿದೆ? ತಿನ್ನದೆ ಬಂದಿದ್ದ ಕಾಲು ಭಾಗ, ಉಳಿದ ಮುಕ್ಕಾಲನ್ನೂ ಸೇರಿಸಿ ತಿಂದು ಮುಗಿಸಿತ್ತು. ಸಾಹೇಬರು ನಕ್ಕರು, ಹಿರಿಯರು ನಗಲಿಲ್ಲ. ಎರಡನೆಯ ಲಾರಿ. ಬೀರುವಿನ ಕಾಲು ಮುರಿದದ್ದು ಆ ಸಲ, ರಸ್ತೆಯ ಉಬ್ಬೊಂದರ ಮೇಲೆ.

ಅಕ್ಕ ಹೋದ ಮನೆಯಲ್ಲೆಲ್ಲ ಹಿತ್ತಲಲ್ಲಿ ಒಂದು ಕರಿಬೇವು ನೆಡುತ್ತಾಳೆ. ಕರಿಬೇವು ನಿಧಾನದ ಗಿಡ, ಭಾವನ ವರ್ಗದಾದೇಶದಷ್ಟು ಚುರುಕಲ್ಲ. ಎರಡು ಸಲವೂ ಸೊಪ್ಪು ಕೀಳುವ ಹೊತ್ತಿಗೆ ಲಾರಿ ಬಂದಿತ್ತು. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ಬಾಗೂರಿಗಿಂತ ಆಚೆಯ ಹಳ್ಳಿಯೊಂದರಲ್ಲಿ, ಮೂರನೆಯ ಗಿಡ ಅವಳ ಸೊಂಟದವರೆಗೆ ಬಂತು. ಆಗ ಫೋನ್ ಮಾಡಿದಳು.

“ಈ ಸಲ ನೀನೇ ಏನಾರ ಮಾಡ್ಲಾ ತಮ್ಮ. ಈ ಗಿಡದ ಸೊಪ್ಪಾದ್ರೂ ಈ ಮನೆ ಒಗ್ಗರಣೆಗೆ ಬೀಳ್ಲಿ. ಇನ್ನೊಂದು ಕಿತ ಸಾಮಾನು ಕಟ್ಟಕೆ ನನ್ ಕೈಲಾಗಕಿಲ್ಲ ಕಣಪ್ಪ.”

ಅಕ್ಕ ಯಾವತ್ತೂ ನನ್ನನ್ನು ಏನೂ ಕೇಳಿದವಳಲ್ಲ. ವಿಷಯ ಏನಪ್ಪಾ ಅಂದರೆ, ಭಾವನ ಏಳನೆಯ ತರಗತಿಯವರು ಊರಿನ ನಲ್ಲಿಗಳಲ್ಲಿ ನೀರು ಬಂದ ದಿನಗಳನ್ನು ಎಣಿಸಿದ್ದರು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರ ಮನೆಯ ಬೀದಿಗೆ ನೀರು ಹೆಚ್ಚುಕಡಿಮೆ ದಿನಾಲೂ. ಕೆಳಗಿನ ಕೇರಿಗೆ ಹತ್ತು ದಿನಕ್ಕೆ ಎರಡು ದಿನ, ಅಂದರೆ ಶೇಕಡಾ ಇಪ್ಪತ್ತು. ಇದು ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ, ಬಸ್ಸಿಗೆ ಕಾಯುವವರಿಗೆಲ್ಲ ಕಾಣುವಂತೆ, ನೀಲಿ ಬಣ್ಣದಲ್ಲಿ!

ಅಧ್ಯಕ್ಷರು ನನ್ನ ಮಂಡಿಗೆ ಮಾಲು ಹಾಕುವವರು. ಹುಡುಕಿಕೊಂಡು ಬಂದರು. “ಅಳಿಸೋದೇನೂ ಬ್ಯಾಡ ಸಾವ್ಕಾರ್ರೇ. ಕೇರಿ ಕಂಬಾನ ಒಸಿ ಮ್ಯಾಕೆ ಎತ್ಲಿ, ಐವತ್ತು ಮಾಡ್ಲಿ. ಮೇಷ್ಟ್ರು ರಿಟೈರ್ ಆಗಗಂಟ ಇಲ್ಲೇ ಇರ್ತಾರೆ, ನಂದು ಜವಾಬ್ದಾರಿ.” ನನಗೆ ಬರುವ ವಿದ್ಯೆ ಒಂದೇ ತಾನೇ? ಒಂದು ಕಾಫಿ ಮುಗಿಯುವುದರೊಳಗೆ ಐವತ್ತನ್ನು ಮೂವತ್ತೈದಕ್ಕೆ ಇಳಿಸಿದೆ. ಇಪ್ಪತ್ತಕ್ಕೆ ಹದಿನೈದು ಸೇರಿಸಿದರೆ ಯಾರ ಗಂಟು ಹೋಗುತ್ತದೆ? ಅಕ್ಕನ ಗಿಡ ಉಳಿಯಿತು ಅಂತ ಬೀಗುತ್ತಲೇ ಹಳ್ಳಿಗೆ ಹೋದೆ.

ಭಾವ ಗೋಡೆಯ ಹತ್ತಿರ ಮಕ್ಕಳ ಜೊತೆಗಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ರೇಗಲಿಲ್ಲ, ವಾದವನ್ನೂ ಮಾಡಲಿಲ್ಲ. ಮಕ್ಕಳ ಕಡೆ ತಿರುಗಿದರು. “ನಮ್ಮ ಭಾಮೈದ ಮೂವತ್ತೈದಕ್ಕೆ ಏರಿಸಿ ಅಂತಾನೆ. ಎಣಿಸಿದೋರು ನೀವು. ಏನ್ ಮಾಡಣ?”

ಕೆಳಗಿನ ಕೇರಿಯ ಒಬ್ಬ ಹುಡುಗಿ ನನ್ನನ್ನೇ ಕೇಳಿದಳು. “ಸಾ, ಗೋಡೆ ಮ್ಯಾಲೆ ಏರ್ಸುದ್ರೆ ನಲ್ಲೀಲೂ ಬತ್ತದಾ?”

ಅವಳು ಅಣಕಿಸಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅಣಕಿಸಲಿಲ್ಲ. ಬರುವುದಾದರೆ ಏರಿಸಲು ತಯಾರಾಗಿದ್ದಳು, ಕುಂಚ ಕೈಯಲ್ಲೇ ಇತ್ತು. ಕಾಫಿ ಹಿಡಿದು ಬಂದಿದ್ದ ಅಕ್ಕನ ಮುಖ ನೋಡಿದೆ. ಇವಳಾದರೂ ಅತ್ತು ಕರೆದು ಗಂಡನನ್ನು ಒಪ್ಪಿಸಲಿ ಅಂತ. ಶಾಲೆಯ ಪಕ್ಕದಲ್ಲೇ ಅವರ ಮನೆ, ಗೋಡೆಯಾಚೆ ಗಿಡದ ತುದಿ ಕಾಣುತ್ತಿತ್ತು. ಅಕ್ಕ ಅದನ್ನೇ ನೋಡಿಕೊಂಡು ನಿಂತಿದ್ದಳು.

“ಲಾರಿಯೋನ್ಗೆ ಫೋನ್ ಮಾಡ್ಲಾ” ಅಂದಳು. “ಬೀರು ಕೊನೇಗೆ ಏರ್ಸಕೇಳು.”

ವರ್ಗದ ಆದೇಶ ಬಂದ ಮಾರನೆಯ ದಿನವೇ ಅಧ್ಯಕ್ಷರು ಗೋಡೆಗೆ ಸುಣ್ಣ ಹೊಡೆಸಿದರು. ಸುಣ್ಣ ಕಲಸಲು ಟ್ಯಾಂಕರಿನಲ್ಲಿ ನೀರು ಬಂತು! ಕೆಳಗಿನ ಕೇರಿ ಆ ಟ್ಯಾಂಕರನ್ನು ಕಂಡದ್ದು ಅದೇ ಮೊದಲು.

ಸಾಮಾನು ಏರಿಸುವ ದಿನ ಆ ಹುಡುಗಿ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಬಂದಳು. ಯಾರನ್ನೂ ಕೇಳದೆ ನೇರ ಹಿತ್ತಲಿಗೆ ಹೋಗಿ ಕರಿಬೇವಿನ ಬುಡಕ್ಕೆ ಸುರಿಯತೊಡಗಿದಳು. ನಾನು ಲೆಕ್ಕದ ಮನುಷ್ಯ, ಸುಮ್ಮನಿರಲಾಗಲಿಲ್ಲ. ಈ ಮನೆಯಲ್ಲಿ ಇನ್ನು ಯಾರೂ ಇರುವುದಿಲ್ಲ, ನೀರು ಯಾಕೆ ದಂಡ ಮಾಡುತ್ತೀಯವ್ವ ಅಂದೆ.

“ಇವತ್ತು ನಮ್ ಕೇರಿಗೆ ಬಂದೈತೆ ಸಾ” ಅಂದಳು, ಬಿಂದಿಗೆ ಪೂರ್ತಿ ಬಗ್ಗಿಸುತ್ತಾ.

ಅಕ್ಕ ಲಾರಿಯ ಮುಂದಿನ ಸೀಟಿನಿಂದ ಇಳಿದು ಬಂದು ಆ ಹುಡುಗಿಯ ತಲೆಯನ್ನು ಸೆರಗಿಗೆ ಒತ್ತಿಕೊಂಡಳು. ಕಂಡದ್ದನ್ನೆಲ್ಲ ಎಣಿಸುವ ಭಾವ ಆ ಒಂದು ಬಿಂದಿಗೆಯನ್ನು ಎಣಿಸಲಿಲ್ಲ.

ಈಗ ಅವರು ದೊಡ್ಡಗದ್ದವಳ್ಳಿಯ ಹತ್ತಿರದ ಒಂದು ಶಾಲೆಯಲ್ಲಿದ್ದಾರೆ. ಮಕ್ಕಳು ಎಣಿಸಲು ಹೊರಟಿದ್ದಾರಂತೆ. ಹಾಗಾಗಿ, ನಿಮ್ಮ ಮನೆತನದಲ್ಲೂ ಇಂಥ ಮೇಷ್ಟ್ರು ಒಬ್ಬರಿದ್ದರೆ, ಅನುಭವಸ್ಥನ ಮಾತು ಕೇಳಿ. ಕರಿಬೇವನ್ನು ನೆಲಕ್ಕೆ ಇಡಬೇಡಿ, ದೊಡ್ಡ ಕುಂಡದಲ್ಲಿ ಇಡಿ. ಬೀರುವನ್ನು ಲಾರಿಗೆ ಮಲಗಿಸಿ ಏರಿಸಿ, ನಿಲ್ಲಿಸಬೇಡಿ. ಬಾಡಿಗೆಯನ್ನು ಸಾಮಾನು ತೋರಿಸುವ ಮುಂಚೆಯೇ ಮಾತಾಡಿ, ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಮಕ್ಕಳು ಎಣಿಸಿ ತಂದದ್ದಕ್ಕೆ ಮಾತ್ರ ಮಾಡಲು ಹೋಗಬೇಡಿ. ನಾನು ಮಾಡಿ ನೋಡಿದ್ದೇನೆ, ಗಿಟ್ಟುವುದಿಲ್ಲ.